ಹೆಡರ್ ನಟ್ ಪ್ರತಿ ಸಾವಿರ ಕಿಲೋಮೀಟರಿಗೆ ಢಿಲಾ: ಇನ್ನೇನು ಮಾಡೋದು ಉಳಿದಿದೆ?

ವಿದ್ಯಾನಗರ ವಿಟೆಕ್:

ಎಲ್ಲರಿಗೂ ನಮಸ್ಕಾರ. ನನ್ನದು 2001ರ ಹೋಂಡಾ ಸಿಟಿ 1.5 ವಿಟೆಕ್. ಹಳೇ ಡಬ್ಬ ಅಂತ ಮನೆಯವರು ಬೈಯುತ್ತಾರೆ, ಆದರೆ 106 ಕುದುರೆ ಇನ್ನೂ ಲಾಯದಲ್ಲೇ ಇವೆ. ಕಳೆದ ದೀಪಾವಳಿಗೆ ಮೂಲ ಎರಕದ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆ) ತೆಗೆದು ಸ್ಟೇನ್‌ಲೆಸ್ ಸ್ಟೀಲಿನ 4-2-1 ಹೆಡರ್ ಹಾಕಿಸಿದೆ, ಅಂದರೆ ನಾಲ್ಕು ಸಿಲಿಂಡರಿನ ಹೊಗೆಯನ್ನು ಎರಡು ಪೈಪಿಗೆ, ಆಮೇಲೆ ಒಂದಕ್ಕೆ ಕೂಡಿಸುವ ಪೈಪುಗಳು. ಮಾಡಿಕೊಟ್ಟವರ ಹೆಸರು ಬೇಡ, ಊರೂ ಬೇಡ. ಹಿಂದಿನ ಸೈಲೆನ್ಸರ್ ಕಂಪನಿಯದೇ ಇದೆ. ಹಾಗಾಗಿ ಸದ್ದು ಜಾಸ್ತಿ ಇಲ್ಲ, ಚೆನ್ನಮ್ಮ ಸರ್ಕಲ್‌ನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮೊದಲ ತಿಂಗಳು ಮಜವಾಗಿತ್ತು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಹತ್ತಿ ಬಂದೆ, ಗಾಡಿ ಹಾರುತ್ತಿತ್ತು. ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್. ಐದು ನಿಮಿಷ ಬಿಸಿಯಾದ ಮೇಲೆ ಸದ್ದು ಮಾಯ. ಬಾನೆಟ್ ತೆಗೆದು ನೋಡಿದರೆ ತುದಿಯ ನಟ್‌ಗಳು ಕೈಯಲ್ಲೇ ತಿರುಗುತ್ತಿದ್ದವು. 1ನೇ ಮತ್ತು 4ನೇ ಸಿಲಿಂಡರ್ ಬಾಯಿಯ ಹತ್ತಿರ ಕಪ್ಪು ಮಸಿ.

ಬಿಗಿ ಮಾಡಿದೆ. 800 ಕಿಮೀಗೆ ಮತ್ತೆ ಅದೇ ಕಥೆ. ಸ್ಪ್ರಿಂಗ್ ವಾಷರ್ ಹಾಕಿದೆ. ಮತ್ತೆ ಅದೇ. ನೀಲಿ ಲಾಕ್‌ಟೈಟ್ (ಥ್ರೆಡ್ ಅಂಟು) ಹಚ್ಚಿದೆ, ಮತ್ತೆ ಅದೇ. ಕೊನೆಗೆ ಸಿಟ್ಟು ಬಂದು ಉದ್ದ ಹಿಡಿಕೆ ಸಿಕ್ಕಿಸಿ ಜಗ್ಗಿದೆ. ಒಂದು ಸ್ಟಡ್, ಅಂದರೆ ನಟ್ ಕೂರುವ ಥ್ರೆಡ್ ಕಡ್ಡಿ, ಕಟ್ ಅಂತ ಮುರಿದು ಹೆಡ್ (ಸಿಲಿಂಡರ್ ಮುಚ್ಚುವ ಎಂಜಿನ್ನಿನ ಮೇಲ್ಭಾಗ) ಒಳಗೇ ಕೂತಿತು. ಮೈಲೇಜ್ 14 ಇದ್ದದ್ದು 11ಕ್ಕೆ ಬಂದಿದೆ.

ನನ್ನ ಪ್ರಶ್ನೆ ಇಷ್ಟೇ. ಯಾವ ನಟ್, ಯಾವ ವಾಷರ್ ಹಾಕಿದರೆ ಇದು ನಿಲ್ಲುತ್ತದೆ?

ಮಿರ್ಚಿ ಗಿರ್ಮಿಟ್:

ನೈಲಾಕ್ ನಟ್ ಹಾಕಿ ಮುಗಿಸಿ. ನನ್ನ ಬೈಕ್ ಚೈನ್ ಗಾರ್ಡ್‌ಗೆ ಹಾಕಿ ಆರು ವರ್ಷ ಆಯಿತು, ಅಲುಗಾಡಿಲ್ಲ. ಇನ್ನು ಮುರಿದ ಸ್ಟಡ್‌ಗೆ ಗಿರ್ಮಿಟ್ ಬೇಕು. ದುರ್ಗದಬೈಲಿನಲ್ಲಿ ತಿನ್ನಲು ಸಿಗುವುದಲ್ಲ, ತೂತು ಕೊರೆಯಲು ಬಡಗಿ ಹತ್ತಿರ ಇರುವುದು.

ಸಾಧನಕೇರಿ ಟಿಎಸ್‌ಐ:

ನೈಲಾಕ್ ಬೇಡವೇ ಬೇಡ. ಅದರೊಳಗಿನ ನೈಲಾನ್ ಉಂಗುರ ತಾಳುವುದು ಸುಮಾರು 120 ಡಿಗ್ರಿ. ಪೆಟ್ರೋಲ್ ಎಂಜಿನ್ನಿನ ಹೊಗೆ ಜೋರು ಓಡಿಸಿದಾಗ 800 ಡಿಗ್ರಿ ದಾಟುತ್ತದೆ. ಸ್ಟಡ್ ಅಷ್ಟು ಬಿಸಿ ಆಗುವುದಿಲ್ಲ, ಆದರೂ ನೈಲಾನ್ ಒಂದೇ ಪ್ರಯಾಣದಲ್ಲಿ ಕರಗಿ ಹೋಗುತ್ತದೆ. ನೀಲಿ ಲಾಕ್‌ಟೈಟ್‌ಗೂ ಮಿತಿ ಸುಮಾರು 180 ಡಿಗ್ರಿ. ಅದಕ್ಕೇ ನಿಮ್ಮಲ್ಲಿ ನಿಲ್ಲಲಿಲ್ಲ.

ಸ್ಪ್ರಿಂಗ್ ವಾಷರ್ ಕಥೆ ಇನ್ನೂ ಕೆಟ್ಟದ್ದು. ನಟ್ ಬಿಗಿಯಾಗುವ ಹೊತ್ತಿಗೆ ಅದು ಚಪ್ಪಟೆ ಆಗಿರುತ್ತದೆ. ಮೇಲೆ ಬಿಸಿ ಬಿದ್ದರೆ ಇದ್ದ ಪುಟಿತವೂ ಸತ್ತುಹೋಗುತ್ತದೆ. ಆಮೇಲೆ ಅದು ಬರೀ ಒಂದು ಸೀಳಿದ ಬಳೆ.

ನನ್ನ ಸಲಹೆ: ಪೂರ್ತಿ ಲೋಹದ ಲಾಕ್ ನಟ್. ತಾಮ್ರ ಲೇಪ ಇರುತ್ತದೆ, ಬಾಯಿ ಸ್ವಲ್ಪ ಅಂಡಾಕಾರಕ್ಕೆ ಅದುಮಿರುತ್ತಾರೆ. ಜರ್ಮನ್ ಕಾರುಗಳ ಟರ್ಬೊ, ಡೌನ್‌ಪೈಪ್ ಎಲ್ಲದಕ್ಕೂ ಇಂಥದ್ದೇ ಬರುತ್ತದೆ. ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕು.

ಬೆಟಗೇರಿ ಲೇತ್:

ಎಲ್ಲರೂ ಔಷಧಿ ಬರೆಯುತ್ತಿದ್ದೀರಿ. ರೋಗ ಯಾವುದು ಅಂತ ಯಾರೂ ಕೇಳಲಿಲ್ಲ.

ನಾನು ಗದಗ-ಬೆಟಗೇರಿಯಲ್ಲಿ ಲೇತ್ ಇಟ್ಟುಕೊಂಡು ಬಹಳ ವರ್ಷ ಆಯಿತು. ಜನ ಬಂದು "ನಟ್ ಢಿಲಾ ಆಗೇತ್ರಿ" ಅನ್ನುತ್ತಾರೆ. ನಾನು ಕೇಳುವುದು ಒಂದೇ. ನಟ್ ತಿರುಗಿ ಢಿಲಾ ಆಯಿತೋ, ತಿರುಗದೇ ಢಿಲಾ ಆಯಿತೋ? ಇವೆರಡೂ ಬೇರೆ ಬೇರೆ.

ನಟ್ ಬಿಗಿ ಮಾಡುವುದು ಅಂದರೆ ಸ್ಟಡ್ ಅನ್ನು ಹಿಗ್ಗಿಸುವುದು. ಸ್ಟಡ್ ಒಂದು ಗಟ್ಟಿ ಸ್ಪ್ರಿಂಗ್ ಅಂದುಕೊಳ್ಳಿ. ಅದು ವಾಪಸ್ ಕುಗ್ಗಲು ನೋಡುತ್ತದೆ, ಆ ಎಳೆತವೇ ಹೆಡರಿನ ಬುಡದ ಪ್ಲೇಟನ್ನು ಹೆಡ್ಡಿಗೆ ಒತ್ತಿ ಹಿಡಿಯುತ್ತದೆ. ಎಂ 8 (8 ಮಿಮೀ ದಪ್ಪದ) ಸ್ಟಡ್‌ಗೆ ಒಣಗಿದ್ದಾಗ 25 ನ್ಯೂಟನ್ ಮೀಟರ್ ಕೊಟ್ಟರೆ ಸುಮಾರು 15,000 ನ್ಯೂಟನ್ ಎಳೆತ ಬರುತ್ತದೆ. ಒಂದೂವರೆ ಟನ್ ನೇತುಹಾಕಿದ ಹಾಗೆ. ಆದರೆ ಸ್ಟಡ್ ಹಿಗ್ಗುವುದು ಎಷ್ಟು ಗೊತ್ತಾ? ನಿಮ್ಮ ಪ್ಲೇಟ್ 8 ಮಿಮೀ ಇದ್ದರೆ, ಪ್ಯಾಕಿಂಗ್ (ಪ್ಲೇಟ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್), ವಾಷರ್ ಸೇರಿಸಿದರೂ, 0.03 ರಿಂದ 0.04 ಮಿಮೀ ಅಷ್ಟೇ. ತಲೆಕೂದಲಿನ ಅರ್ಧ.

ಈಗ ಪ್ಯಾಕಿಂಗ್ ಬಿಸಿಗೆ 0.02 ಮಿಮೀ ಕೂತಿತು ಅನ್ನಿ. ನಟ್ ಒಂದು ಕೂದಲೂ ತಿರುಗಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಬಿಗಿ ಹೋಯಿತು. ಇದಕ್ಕೆ ಜಗತ್ತಿನ ಯಾವ ಲಾಕ್ ನಟ್ಟೂ ಕೆಲಸ ಮಾಡುವುದಿಲ್ಲ. ಲಾಕ್ ನಟ್ ತಿರುಗುವುದನ್ನು ತಡೆಯುತ್ತದೆ, ಪ್ಯಾಕಿಂಗ್ ಕೂರುವುದನ್ನಲ್ಲ.

ಹಾಗಾಗಿ ಮೊದಲು ಗುರುತು ಹಾಕಿ. ಪೇಂಟ್ ಸುಟ್ಟುಹೋಗಬಹುದು. ಸಣ್ಣ ಪಂಚ್ ತಗೊಂಡು ಸ್ಟಡ್ ತಲೆಗೆ ಒಂದು ಚುಕ್ಕೆ, ನಟ್‌ಗೆ ಒಂದು ಚುಕ್ಕೆ, ಪ್ಲೇಟ್‌ಗೆ ಒಂದು ಚುಕ್ಕೆ, ಮೂರೂ ಒಂದೇ ಸಾಲಿನಲ್ಲಿ ಹೊಡೆಯಿರಿ. 500 ಕಿಮೀ ಓಡಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡಿ. ಚುಕ್ಕೆ ಸಾಲಲ್ಲೇ ಇದ್ದು ನಟ್ ಸಡಿಲ ಇದ್ದರೆ ಪ್ಯಾಕಿಂಗ್ ಕೂತಿದೆ. ನಟ್ ಚುಕ್ಕೆ ಸರಿದಿದ್ದರೆ ನಟ್ ತಿರುಗಿದೆ. ನಟ್ ಮತ್ತು ಸ್ಟಡ್ ಎರಡೂ ಸೇರಿ ಸರಿದಿದ್ದರೆ ಸ್ಟಡ್ಡೇ ಹೆಡ್ಡಿನಿಂದ ಹೊರಬರುತ್ತಿದೆ. ಮೂರಕ್ಕೂ ಮೂರು ಬೇರೆ ದಾರಿ.

ಬ್ಯಾಡಗಿ ಟ್ರ್ಯಾಕ್ಟರ್:

ನಮ್ಮ ಮನೆಯ ಟ್ರ್ಯಾಕ್ಟರ್ ಮೂವತ್ತು ವರ್ಷದ್ದು. ಮೆಣಸಿನಕಾಯಿ ಸೀಸನ್‌ನಲ್ಲಿ ದಿನವಿಡೀ ಲೋಡ್ ಎಳೆಯುತ್ತದೆ. ಅದರ ಮ್ಯಾನಿಫೋಲ್ಡ್ ನಟ್ ಒಮ್ಮೆಯೂ ಸಡಿಲ ಆಗಿದ್ದು ನೆನಪಿಲ್ಲ. ಅದಕ್ಕೆ ಹಾಕಿರುವುದು ಸಾದಾ ಹಿತ್ತಾಳೆ ನಟ್. ಕಾರಿನವರು ಸುಮ್ನೆ ದೊಡ್ಡದು ಮಾಡ್ತೀರಿ ಅನಿಸುತ್ತದೆ.

ಮುರಿದ ಸ್ಟಡ್ ಬಗ್ಗೆ ಒಂದು ಮಾತು. ಸ್ವಲ್ಪವಾದರೂ ಹೊರಗೆ ಕಾಣುತ್ತಿದ್ದರೆ ಡ್ರಿಲ್ ಮುಟ್ಟಬೇಡಿ. ಮೇಲೆ ಒಂದು ನಟ್ ಇಟ್ಟು ಆ ನಟ್ಟಿನ ಒಳಗಿಂದ ವೆಲ್ಡ್ ಮಾಡಿಸಿ. ಆ ಬಿಸಿಗೇ ಅರ್ಧ ಹಿಡಿತ ಬಿಡುತ್ತದೆ. ಪೂರ್ತಿ ತಣ್ಣಗಾಗುವ ಮೊದಲು, ಕೆಂಪು ಆರಿದ ಮೇಲೆ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲುಗಿಸಿ. ಒಂದೇ ಸಲಕ್ಕೆ ಬರಲ್ಲ. ಎರಡು ಮೂರು ನಟ್ ಬಲಿ ಕೊಡಬೇಕು.

ಬೆಟಗೇರಿ ಲೇತ್:

ನಟ್ ವೆಲ್ಡ್ ಮಾಡುವ ಮಾತು ನೂರಕ್ಕೆ ನೂರು ಸರಿ.

ಟ್ರ್ಯಾಕ್ಟರ್ ಹೋಲಿಕೆ ಮಾತ್ರ ಸರಿಯಲ್ಲ. ನಿಮ್ಮ ಟ್ರ್ಯಾಕ್ಟರಿನ ಹೆಡ್ ಎರಕದ ಕಬ್ಬಿಣ, ಮ್ಯಾನಿಫೋಲ್ಡ್ ಕೂಡ ಎರಕದ ಕಬ್ಬಿಣ. ಎರಡೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ, ಒಂದೇ ಅಳತೆಯಲ್ಲಿ ಕುಗ್ಗುತ್ತವೆ. ಅಣ್ಣತಮ್ಮಂದಿರ ಹಾಗೆ. ಇಲ್ಲಿ ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು, ಹೆಡರ್ ಸ್ಟೇನ್‌ಲೆಸ್. ಮೂರು ಮನೆಯವರು ಒಂದೇ ಚಾವಡಿಯಲ್ಲಿ. ಹಿತ್ತಾಳೆ ನಟ್ ಹಾಕುವುದೂ ಬಿಗಿಗಲ್ಲ, ತುಕ್ಕು ಹಿಡಿದು ಸ್ಟಡ್‌ಗೆ ಅಂಟದಿರಲಿ ಅಂತ.

ವಿದ್ಯಾನಗರ ವಿಟೆಕ್:

ಚುಕ್ಕೆ ಹೊಡೆಯುತ್ತೇನೆ. ಮುರಿದ ಸ್ಟಡ್ ಗೋಕುಲ ರೋಡ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಹೊರಬಂತು. ಮೂರನೇ ನಟ್‌ಗೆ ಬಂತು, ಬ್ಯಾಡಗಿಯವರು ಹೇಳಿದ ಹಾಗೇ. ಹೆಡ್ಡಿನ ಥ್ರೆಡ್ ಉಳಿದಿದೆ, ಪುಣ್ಯ. ಹೊಸ ಸ್ಟಡ್ ಹಾಕಿದ್ದೇನೆ. ಎರಡು ವಾರ ಟೈಮ್ ಕೊಡಿ.

ಕೇಶ್ವಾಪುರ ಸ್ವಿಫ್ಟ್:

ಅಲ್ಲಿಯವರೆಗೆ ಒಂದು ವಿಷಯ. ದಯವಿಟ್ಟು ಮಕ್ಕಳನ್ನು ಕೂರಿಸಿಕೊಂಡು ಆ ಗಾಡಿ ಓಡಿಸಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಜಿನ ಕೆಳಗಿನ ಜಾಲರಿಯಿಂದಲೇ ಬ್ಲೋವರ್ ಗಾಳಿ ಎಳೆಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಗಾಳಿ ಅಲ್ಲಿಗೇ ಬರುತ್ತದೆ. ತಲೆನೋವು, ಮಂಪರು ಬಂದರೆ ಎಸಿ ಮೇಲೆ ತಪ್ಪು ಹಾಕಬೇಡಿ. ಗಾಜು ಇಳಿಸಿ, ಇಳಿಯಿರಿ.

ವಿದ್ಯಾನಗರ ವಿಟೆಕ್:

ಇದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿ ಎರಡು ಸಲ ತಲೆನೋವು ಅಂದಿದ್ದಳು. ಇವತ್ತಿನಿಂದ ನಾನೊಬ್ಬನೇ, ಅದೂ ಗಾಜು ಇಳಿಸಿಕೊಂಡು.

ಸಾಧನಕೇರಿ ಟಿಎಸ್‌ಐ:

ನಿಮ್ಮ ಮೈಲೇಜ್ ಬಿದ್ದದ್ದಕ್ಕೂ ಇದೇ ಕಾರಣ ಇರಬಹುದು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತದ ನಡುವೆ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗುತ್ತದೆ. ಆಗ ಸಂದಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಆಯಿತು ಅಂದುಕೊಳ್ಳುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಗಾಡಿಯದು ತಪ್ಪಿಲ್ಲ, ಅದಕ್ಕೆ ಸಿಗುತ್ತಿರುವ ಚಾಡಿ ಮಾತು ತಪ್ಪು.

ಮಿರ್ಚಿ ಗಿರ್ಮಿಟ್:

ಸೋರುವ ಜಾಗ ಹುಡುಕಲು ಊದಿನಕಡ್ಡಿ ಹಿಡಿಯಿರಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಪ್ಲೇಟ್ ಅಂಚಿಗೆ ಹಿಡಿದರೆ ಹೊಗೆ ಎಲ್ಲಿ ಕುಣಿಯುತ್ತದೋ ಅಲ್ಲೇ ಸೋರಿಕೆ. ಪೂಜೆನೂ ಆಯಿತು.

ಸಾಧನಕೇರಿ ಟಿಎಸ್‌ಐ:

ಪೆಟ್ರೋಲ್ ಪೈಪ್ ಪಕ್ಕದಲ್ಲಿ ಕಿಡಿ ಹಿಡಿಯಲು ಹೇಳುತ್ತೀರಲ್ಲ! ಎಂಜಿನ್ ಬಂದ್ ಮಾಡಿ. ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಯನ್ನು ಹಿಂದಿನ ಸೈಲೆನ್ಸರ್‌ಗೆ ಬಟ್ಟೆ ಸುತ್ತಿ ಸಿಕ್ಕಿಸಿ. ಸೋಪಿನ ನೀರು ಪ್ಲೇಟ್ ಸುತ್ತ ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ. ನಿಧಾನಕ್ಕೆ ನೋಡಬಹುದು, ಕೈ ಸುಡುವುದಿಲ್ಲ.

ವಿದ್ಯಾನಗರ ವಿಟೆಕ್:

ಎರಡು ವಾರ ಅಂದೆ, ಮೂರು ಆಯಿತು. 540 ಕಿಮೀ ಓಡಿಸಿದೆ. ಹಾವೇರಿಗೆ ಎರಡು ಸಲ, ಗದಗಿಗೆ ಒಂದು ಸಲ, ಉಳಿದದ್ದು ಊರೊಳಗೆ. ಚುಕ್ಕೆಗಳ ವರದಿ:

ನಡುವಿನ ನಟ್‌ಗಳ ಚುಕ್ಕೆ ಸಾಲಿನಲ್ಲೇ ಇವೆ. ಆದರೆ ಪಾನಾ ಇಟ್ಟರೆ ಸ್ವಲ್ಪ ತಿರುಗುತ್ತವೆ. ಎರಡೂ ತುದಿಯ ನಟ್‌ಗಳು ಚೆನ್ನಾಗಿ ತಿರುಗಿವೆ, ಸುಮಾರು ಕಾಲು ಸುತ್ತು ಇರಬೇಕು. 4ನೇ ಸಿಲಿಂಡರ್ ಕೆಳಗಿನ ಸ್ಟಡ್ ನಟ್ ಜತೆಗೇ ತಿರುಗಿ ಹೊರಬರುತ್ತಿದೆ.

ಅಂದರೆ ಮೂರೂ ರೋಗ ನನಗೇ ಇದೆಯಾ?

ನವನಗರ ರೇಸ್ ಹುಡುಗ:

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಮೆಕ್ಯಾನಿಕಲ್ ಓದುತ್ತಿದ್ದೇನೆ, ಕಾಲೇಜಿನಲ್ಲಿ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆ) ಕಾರು ಕಟ್ಟುತ್ತೇವೆ. ನಿಮ್ಮ ಚುಕ್ಕೆ ನೋಡಿ ಲೆಕ್ಕ ಹಾಕಿದೆ.

ತುದಿಯ ನಟ್ ಮಾತ್ರ ತಿರುಗುತ್ತದೆ, ನಡುವಿನದು ತಿರುಗುವುದಿಲ್ಲ. ಏಕೆ? ಹೆಡರ್ ಪ್ಲೇಟ್ ಸುಮಾರು 33 ಸೆಂಮೀ ಉದ್ದ ಅನ್ನೋಣ. 304 ಸ್ಟೇನ್‌ಲೆಸ್ ಒಂದು ಡಿಗ್ರಿಗೆ ಮೀಟರಿಗೆ 17 ಮೈಕ್ರಾನ್ (ಮಿಮೀನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಪ್ಲೇಟ್ 300 ಡಿಗ್ರಿ ಏರಿದರೆ ಉದ್ದ ಸುಮಾರು 1.7 ಮಿಮೀ ಜಾಸ್ತಿ. ಅಲ್ಯೂಮಿನಿಯಂ ಹೆಡ್‌ಗೆ 23 ಮೈಕ್ರಾನ್, ಆದರೆ ಅದನ್ನು ನೀರು ತಣ್ಣಗೆ ಇಡುತ್ತದೆ. 100 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ಹಿಗ್ಗುವುದು 0.6 ಮಿಮೀ. ಉಳಿದ 1.1 ಮಿಮೀ ಎಲ್ಲಿಗೆ ಹೋಗಬೇಕು? ನಡುವಿನಲ್ಲಿ ಸೊನ್ನೆ, ಎರಡೂ ತುದಿಯಲ್ಲಿ ಅರ್ಧ ಅರ್ಧ ಮಿಮೀ. ಪ್ರತಿ ಸಲ ಬಿಸಿಯಾದಾಗ ಪ್ಲೇಟ್ ತುದಿ ಹೊರಗೆ ಜಾರುತ್ತದೆ, ತಣ್ಣಗಾದಾಗ ಒಳಗೆ.

ಈ ಅಡ್ಡ ಜಾರಾಟವೇ ನಟ್‌ನ ನಿಜವಾದ ಶತ್ರು. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಇದನ್ನು ಯಂತ್ರದಲ್ಲಿ ಅಲ್ಲಾಡಿಸಿ ತೋರಿಸಿದರು. ಉದ್ದಕ್ಕೆ ಎಳೆದಾಡಿದರೆ ನಟ್ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ, ಅಡ್ಡಕ್ಕೆ ಜಾರಿಸಿದರೆ ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಇವತ್ತಿಗೂ ವಾಷರ್, ಲಾಕ್ ನಟ್ ಪರೀಕ್ಷೆ ಮಾಡುವುದು ಅವರ ಹೆಸರಿನ ಯಂತ್ರದ ಮೇಲೇ. ಸ್ಪ್ರಿಂಗ್ ವಾಷರ್ ಆ ಪರೀಕ್ಷೆಯಲ್ಲಿ ಪ್ರತಿ ಸಲ ಮಾನ ಕಳೆದುಕೊಳ್ಳುತ್ತದೆ.

ಮೂಲ ಎರಕದ ಮ್ಯಾನಿಫೋಲ್ಡ್ ಲೆಕ್ಕ ಹಾಕಿ ನೋಡಿ. ಕಬ್ಬಿಣಕ್ಕೆ 11 ಮೈಕ್ರಾನ್. ಅಷ್ಟೇ ಬಿಸಿಗೆ 1.1 ಮಿಮೀ ಹಿಗ್ಗುತ್ತದೆ, ವ್ಯತ್ಯಾಸ ಅರ್ಧ ಮಿಮೀ ಮಾತ್ರ. ಅದಕ್ಕೇ ಕಂಪನಿ ನಟ್ ಅಷ್ಟು ವರ್ಷ ನಿಂತಿತ್ತು.

ಬೆಟಗೇರಿ ಲೇತ್:

ಹುಡುಗ ಸರಿಯಾಗಿ ಹಿಡಿದ. ನಾನು ಕೈಯಲ್ಲಿ ಕಲಿತದ್ದನ್ನು ಕಾಗದದ ಮೇಲೆ ತೋರಿಸಿದ.

ವಿಟೆಕ್ ಅವರೇ, ಹೆಡರ್ ಬಿಚ್ಚಿಕೊಂಡು ನನ್ನ ಹತ್ತಿರ ಬನ್ನಿ. ತೂತುಗಳ ಅಳತೆ ನೋಡಬೇಕು. ನನ್ನ ಅನುಮಾನ, ಮಾಡಿದವರು ಎಲ್ಲ ತೂತನ್ನೂ 8.5 ಮಿಮೀ ಹೊಡೆದಿದ್ದಾರೆ. ಹಾಗಿದ್ದರೆ ತುದಿಯಲ್ಲಿ ಪ್ಲೇಟ್‌ಗೆ ಜಾರಲು ಜಾಗವೇ ಇಲ್ಲ. ಅದು ಸ್ಟಡ್ ಅನ್ನೇ ಬಗ್ಗಿಸುತ್ತದೆ.

ಬ್ಯಾಡಗಿ ಟ್ರ್ಯಾಕ್ಟರ್:

ಜಾರಿದರೆ ಬಿಚ್ಚುತ್ತದೆ ಅಂದಿರಿ. ಈಗ ಜಾರಲು ಜಾಗ ಕೊಡಿ ಅನ್ನುತ್ತೀರಿ. ಯಾವುದು ಸರಿ?

ಬೆಟಗೇರಿ ಲೇತ್:

ಒಳ್ಳೇ ಪ್ರಶ್ನೆ. ಹಿಗ್ಗುವುದನ್ನು ತಡೆಯಲು ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ. ಜಾಗ ಇಲ್ಲದಿದ್ದರೆ ತೂತಿನ ಅಂಚು ಸ್ಟಡ್‌ಗೆ ಒದೆಯುತ್ತದೆ. ಸ್ಟಡ್ ಬಾಗುತ್ತದೆ, ಅದರ ಜತೆ ನಟ್ ಓರೆಯಾಗುತ್ತದೆ. ಸ್ಟಡ್ಡೇ ತಿರುಗಿ ಹೊರಬರುವುದೂ ಹೀಗೇ. ಜಾಗ ಇದ್ದರೆ ಪ್ಲೇಟ್ ವಾಷರ್ ಕೆಳಗೆ ಜಾರುತ್ತದೆ. ವಾಷರ್ ದಪ್ಪ ಇದ್ದು ಗಟ್ಟಿ ಇದ್ದರೆ, ನಟ್‌ಗೆ ಆ ಜಾರಾಟ ಕಡಿಮೆ ತಟ್ಟುತ್ತದೆ. ಇನ್ನೂ ಒಳ್ಳೆಯದು, ಪ್ಲೇಟನ್ನೇ ತುಂಡು ಮಾಡುವುದು. ಎರಡು ಬಾಯಿಯ ನಡುವೆ ಗರಗಸ ಹಾಕಿ ಸೀಳಿದರೆ 33 ಸೆಂಮೀ ಪ್ಲೇಟ್ ನಾಲ್ಕು ಸಣ್ಣ ಪ್ಲೇಟ್ ಆಗುತ್ತದೆ. ಪ್ರತಿಯೊಂದೂ ತನ್ನಷ್ಟಕ್ಕೆ ಹಿಗ್ಗುತ್ತದೆ, ಪೈಪು ಬಾಗಿ ಕೊಡುತ್ತದೆ. ಜಾರಾಟ ಸಣ್ಣದಾಗುತ್ತದೆ.

ಸಾಧನಕೇರಿ ಟಿಎಸ್‌ಐ:

ಸ್ಟಡ್‌ಗೆ ತಾಮ್ರದ ಗ್ರೀಸ್ ಹಚ್ಚಬೇಕೋ ಬೇಡವೋ? ನಾನು ಯಾವಾಗಲೂ ಹಚ್ಚುತ್ತೇನೆ. ಇಲ್ಲದಿದ್ದರೆ ಮುಂದಿನ ಸಲ ಮುರಿಯುತ್ತದೆ.

ಬ್ಯಾಡಗಿ ಟ್ರ್ಯಾಕ್ಟರ್:

ಗ್ರೀಸ್ ಹಚ್ಚಿದರೆ ಜಾರಿ ಬಿಚ್ಚುವುದಿಲ್ಲವೇ? ನಮ್ಮಪ್ಪ ಒಣ ಸ್ಟಡ್‌ಗೇ ಹಾಕುತ್ತಿದ್ದರು.

ನವನಗರ ರೇಸ್ ಹುಡುಗ:

ಇಬ್ಬರದೂ ಅರ್ಧ ಸರಿ. ಟಾರ್ಕ್, ಅಂದರೆ ನಟ್ ತಿರುಗಿಸುವ ಬಲ, ಅದರ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ, ಸ್ಟಡ್ ಹಿಗ್ಗಿಸಲು ಉಳಿಯುವುದು ಸ್ವಲ್ಪ. ಗ್ರೀಸ್ ಹಚ್ಚಿದರೆ ಉಜ್ಜಾಟ ಕಡಿಮೆ, ಅದೇ 25 ನ್ಯೂಟನ್ ಮೀಟರಿಗೆ ಎಳೆತ ಸುಮಾರು 20,000 ನ್ಯೂಟನ್ ದಾಟುತ್ತದೆ. 8.8 ದರ್ಜೆಯ ಎಂ 8 ಸ್ಟಡ್ ಪುಟಿದು ವಾಪಸ್ ಬರುವ ಮಿತಿಯೇ ಸುಮಾರು 21,000. ಅಂಚಿಗೆ ಬಂದಿರಿ ಅಂತ ಅರ್ಥ. ಅದರ ಮೇಲೆ ಉದ್ದ ಹಿಡಿಕೆ ಹಾಕಿ ಜಗ್ಗಿದರೆ ವಿಟೆಕ್ ಅವರಿಗೆ ಆದದ್ದೇ ಆಗುತ್ತದೆ. ಗ್ರೀಸ್ ಹಚ್ಚಿ, ಆದರೆ 19ಕ್ಕೆ ನಿಲ್ಲಿಸಿ. ಎಳೆತ ಒಣ 25ರಷ್ಟೇ ಬರುತ್ತದೆ. ಎಲ್ಲ ಸ್ಟಡ್‌ಗೂ ಒಂದೇ ರೀತಿ ಇರಲಿ. ನಾಲ್ಕಕ್ಕೆ ಗ್ರೀಸ್, ನಾಲ್ಕು ಒಣ, ಹಾಗೆ ಬೇಡ.

ಮತ್ತೆ ಚಕ್ರದ ನಟ್ ಬಿಗಿ ಮಾಡುವ ದೊಡ್ಡ ಟಾರ್ಕ್ ವ್ರೆಂಚ್ ಇಲ್ಲಿ ನಡೆಯಲ್ಲ. ಅದರ ಗೆರೆ ಶುರುವಾಗುವುದೇ 40ರ ಆಸುಪಾಸು. 5ರಿಂದ 25ರವರೆಗಿನ ಸಣ್ಣದು ಬೇಕು. ಕೈ ಅಂದಾಜು ಅನ್ನುವವರು ಒಮ್ಮೆ 19 ಎಷ್ಟು ಸಣ್ಣದು ಅಂತ ಮುಟ್ಟಿ ನೋಡಿ. ನಮ್ಮ ಹುಡುಗರೆಲ್ಲ ಮೊದಲ ಸಲ 35ಕ್ಕೆ ಒಯ್ದಿದ್ದರು.

ವಿದ್ಯಾನಗರ ವಿಟೆಕ್:

ಬೆಟಗೇರಿಗೆ ಹೋಗಿ ಬಂದೆ. ಬಸ್ಸಿನಲ್ಲಿ, ಹೆಡರ್ ಗೋಣಿಚೀಲದಲ್ಲಿ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ.

ತೂತು ಎಲ್ಲವೂ 8.5. ಅಂದಾಜು ಸರಿ ಇತ್ತು. ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ತೂರಿಸಿದರು, ಎರಡೂ ತುದಿಯಲ್ಲಿ 0.35 ಮಿಮೀ ಎಲೆ ಸಲೀಸಾಗಿ ಹೋಯಿತು. ಪೈಪ್ ವೆಲ್ಡ್ ಮಾಡಿದ ಬಿಸಿಗೆ ಪ್ಲೇಟ್ ಬಾಳೆಹಣ್ಣಿನ ಹಾಗೆ ಬಾಗಿದೆ. ಮಾಡಿದವರು ಅದನ್ನು ಮಟ್ಟ ಮಾಡದೇ ಕೊಟ್ಟಿದ್ದಾರೆ. ನಾನು ಇಷ್ಟು ದಿನ ನಟ್‌ನಿಂದ ಪ್ಲೇಟ್ ನೆಟ್ಟಗೆ ಮಾಡುತ್ತಿದ್ದೆ!

ಬಾಯಿಗಳ ನಡುವೆ ಸೀಳಿ, ಮುಖ ಮಟ್ಟ ಮಾಡಿ ಕೊಟ್ಟರು. ತುದಿಯ ತೂತು 10 ಮಿಮೀ, ಅಡ್ಡಕ್ಕೆ ಸ್ವಲ್ಪ ಉದ್ದ. ನಡುವಿನದು ಹಾಗೇ. ಚಹಾ ಕುಡಿಸಿದರು, ಫೀಲರ್ ಗೇಜ್ ಕೂಡ ಕೊಟ್ಟು ಕಳಿಸಿದರು, ಮನೆಯಲ್ಲಿ ಹೆಡ್ಡಿನ ಮುಖ ನೋಡಲು.

ಬೆಟಗೇರಿ ಲೇತ್:

ಇವರು ಬಂದಾಗ ಇನ್ನೊಂದು ಕಂಡೆ. ಬರೆಯಲು ಮರೆತಿದ್ದರೆ ನಾನೇ ಬರೆಯುತ್ತೇನೆ. ಆ ಹೆಡರ್‌ನಲ್ಲಿ ಎಲ್ಲೂ ಆಸರೆ ಪಟ್ಟಿ ಇಲ್ಲ. ಪೈಪಿನ ತೂಕವೆಲ್ಲ ಈ ಸಣ್ಣ ಸ್ಟಡ್‌ಗಳ ಮೇಲೆ. ನಿಮ್ಮ ಹಳೇ ಮ್ಯಾನಿಫೋಲ್ಡ್ ಕೆಳಗೆ ಎಂಜಿನ್‌ಗೆ ಕೂಡಿಸುವ ಒಂದು ಪಟ್ಟಿ ಇತ್ತೋ ಇಲ್ಲವೋ ನೋಡಿ ಅಂದಿದ್ದೆ.

ವಿದ್ಯಾನಗರ ವಿಟೆಕ್:

ಅಟ್ಟ ಹತ್ತಿದೆ. ಹಳೇ ಮ್ಯಾನಿಫೋಲ್ಡ್ ಸಿಕ್ಕಿತು. ಅದರ ಜತೆ ಒಂದು ಎಲ್ ಆಕಾರದ ದಪ್ಪ ಪಟ್ಟಿ, ಎರಡು ಬೋಲ್ಟ್. ಹೆಡರ್ ಹಾಕಿದ ದಿನ "ಇದು ಇನ್ನು ಬೇಡ" ಅಂತ ನನ್ನ ಕೈಗೇ ಕೊಟ್ಟಿದ್ದರು. ನಾನೂ ತಲೆ ಅಲ್ಲಾಡಿಸಿ ತಂದು ಅಟ್ಟಕ್ಕೆ ಎಸೆದಿದ್ದೆ.

ಸಾಧನಕೇರಿ ಟಿಎಸ್‌ಐ:

ಅದೇ ನಿಮ್ಮ ನಟ್‌ಗಳ ಶಾಪ. ಈ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಕ್ಲಚ್ ಬಿಟ್ಟಾಗ, ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಮುಂದೆ ತೂಗುತ್ತದೆ. ಸೈಲೆನ್ಸರ್ ಮಾತ್ರ ಕೆಳಗೆ ರಬ್ಬರ್‌ಗೆ ನೇತಾಡುತ್ತದೆ, ಅದು ತೂಗುವುದಿಲ್ಲ. ಇವೆರಡರ ನಡುವಿನ ಜಗಳ ಬಗೆಹರಿಸಲು ಫ್ಲೆಕ್ಸ್ ಪೈಪ್ (ಬಾಗುವ ಪೈಪ್ ತುಂಡು) ಇರಬೇಕು. ಅದಿದೆಯಾ? ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂರುವ ರಬ್ಬರ್ ಕೂಡ ನೋಡಿ. 2001ರ ಗಾಡಿಗೆ ಅದೇ ರಬ್ಬರ್ ಇದ್ದರೆ ಈಗ ಅದು ರಬ್ಬರ್ ಅಲ್ಲ, ಚಪ್ಪಲಿ.

ವಿದ್ಯಾನಗರ ವಿಟೆಕ್:

ಫ್ಲೆಕ್ಸ್ ಇಲ್ಲ. ನೇರ ಪೈಪ್. ಮುಂದಿನ ಮೌಂಟ್ ಬೆರಳು ತೂರುವಷ್ಟು ಹರಿದಿದೆ. ನನಗೆ ಈಗ ನಗು ಬರುತ್ತಿದೆ.

ನವನಗರ ರೇಸ್ ಹುಡುಗ:

ಜೋಡಿಸುವಾಗ ಒಂದು ಕ್ರಮ ನೆನಪಿಡಿ. ಮೊದಲು ಹೆಡ್ಡಿನ ನಟ್ ಬಿಗಿ ಮಾಡಿ, ಆಸರೆ ಪಟ್ಟಿ ಕೊನೆಗೆ. ಪಟ್ಟಿ ಮೊದಲು ಬಿಗಿ ಮಾಡಿದರೆ ಅದೇ ಹೆಡರ್ ಅನ್ನು ಓರೆಯಾಗಿ ಎಳೆಯುತ್ತದೆ. ನಟ್ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ. 8, 14, ಆಮೇಲೆ 19. ಪ್ಯಾಕಿಂಗ್ ಗ್ರಾಫೈಟಿನದ್ದು ಬೇಡ, ಪದರ ಪದರ ಉಕ್ಕಿನದ್ದು ಸಿಕ್ಕರೆ ಹಾಕಿ. ಅದು ಕೂರುವುದು ಬಹಳ ಕಡಿಮೆ. ಮುಖ ಮಟ್ಟ ಇದ್ದರೆ ಮಾತ್ರ ಅದು ನಡೆಯುತ್ತದೆ, ನಿಮ್ಮದು ಈಗ ಮಟ್ಟ ಇದೆ.

ತುದಿಯ ಸ್ಟಡ್‌ಗೆ ಜಾಗ ಇದ್ದರೆ ಉದ್ದದ್ದು ಹಾಕಿ, ಪ್ಲೇಟ್ ಮತ್ತು ನಟ್ ನಡುವೆ 20 ಮಿಮೀ ಉಕ್ಕಿನ ಕೊಳವೆ ಕೂರಿಸಿ. ಸ್ಟಡ್ ಉದ್ದವಾದಷ್ಟೂ ಹಿಗ್ಗುವುದು ಜಾಸ್ತಿ. 0.035 ಇದ್ದದ್ದು 0.07ರ ಮೇಲೆ ಹೋಗುತ್ತದೆ. ಆಗ 0.02 ಕೂತರೂ ಮುಕ್ಕಾಲು ಬಿಗಿ ಉಳಿಯುತ್ತದೆ. ಎಲ್ಲರೂ ದಪ್ಪ ಬೋಲ್ಟ್ ಕೇಳುತ್ತಾರೆ, ಇಲ್ಲಿ ಬೇಕಿರುವುದು ಉದ್ದ.

ಮಿರ್ಚಿ ಗಿರ್ಮಿಟ್:

ಸ್ಟೇನ್‌ಲೆಸ್ ಸ್ಟಡ್, ಸ್ಟೇನ್‌ಲೆಸ್ ನಟ್ ಹಾಕಿದರೆ ಚಕಚಕ ಅನ್ನುತ್ತದಲ್ವಾ?

ಬೆಟಗೇರಿ ಲೇತ್:

ಚಕಚಕ ಅನ್ನುತ್ತದೆ, ಆಮೇಲೆ ಬಿಚ್ಚುವುದೇ ಇಲ್ಲ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಆಗ ಗಿರ್ಮಿಟ್ ಅಲ್ಲ, ಗ್ರೈಂಡರ್ ಬೇಕು.

ಕೇಶ್ವಾಪುರ ಸ್ವಿಫ್ಟ್:

ಆ ಜೋಡಿ ಹಲ್ಲಿನ ವಾಷರ್ ಬಗ್ಗೆ ಯಾರೂ ಹೇಳಲಿಲ್ಲ. ನಾರ್ಡ್ ಲಾಕ್ ಅಂತ ಬರುತ್ತದೆ.

ಸಾಧನಕೇರಿ ಟಿಎಸ್‌ಐ:

ಒಳ್ಳೆಯದೇ. ಎರಡು ವಾಷರ್ ಒಂದರ ಮೇಲೊಂದು, ನಡುವೆ ಇಳಿಜಾರು ಹಲ್ಲು. ಆ ಇಳಿಜಾರು ಥ್ರೆಡ್‌ನ ಇಳಿಜಾರಿಗಿಂತ ಕಡಿದು. ನಟ್ ಹಿಂದೆ ತಿರುಗಲು ಹೋದರೆ ಮೇಲೆ ಹತ್ತಬೇಕು, ಹತ್ತಿದರೆ ಇನ್ನೂ ಬಿಗಿ. ಆದರೆ ಲೇತ್‌ನವರು ಆಗಲೇ ಹೇಳಿದ ಮಾತು ಇಲ್ಲಿಗೂ ಸರಿ. ತಿರುಗದೇ ಸಡಿಲ ಆದರೆ ಇದೂ ಕೈಕಟ್ಟಿ ಕೂರುತ್ತದೆ. ಕೊಳವೆ ಹಾಕಲು ಜಾಗ ಇಲ್ಲದ ಕಡೆ ಇದನ್ನು ಹಾಕಿ.

ವಿದ್ಯಾನಗರ ವಿಟೆಕ್:

ಎರಡು ತಿಂಗಳು ಬಿಟ್ಟು ಬರುತ್ತಿದ್ದೇನೆ. ಬೈಯಬೇಡಿ, ಮಳೆ ಇತ್ತು.

ಏನೇನು ಮಾಡಿದೆ ಅಂದರೆ: ಹೊಸ ಮೌಂಟ್, ಫ್ಲೆಕ್ಸ್ ಪೈಪ್, ಅಟ್ಟದ ಪಟ್ಟಿಗೆ ಹೊಸ ಕಾಲು ವೆಲ್ಡ್ ಮಾಡಿಸಿ ಕೂರಿಸಿದೆ. ಉಕ್ಕಿನ ಪದರದ ಪ್ಯಾಕಿಂಗ್. ತುದಿಯ ಮೇಲಿನ ಎರಡಕ್ಕೆ ಕೊಳವೆ, ಕೆಳಗಿನ ಎರಡಕ್ಕೆ ಪೈಪ್ ಅಡ್ಡ ಬಂತು, ಅಲ್ಲಿ ಹಲ್ಲಿನ ವಾಷರ್. ಉಳಿದದ್ದಕ್ಕೆ ತಾಮ್ರ ಲೇಪದ ಲಾಕ್ ನಟ್. ತಾಮ್ರದ ಗ್ರೀಸ್ ಹಚ್ಚಿ 19. ಹೊರಬರುತ್ತಿದ್ದ ಸ್ಟಡ್ ತೆಗೆದು ಥ್ರೆಡ್ ತೊಳೆದು ಹೊಸದು ಹಾಕಿದೆ. ಒಂದು ಸಲ ಬಿಸಿ ಮಾಡಿ, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಮತ್ತೆ 19ಕ್ಕೆ ನೋಡಿದೆ. ಎರಡು ನಟ್ ಚೂರು ತಿರುಗಿದವು. 100 ಕಿಮೀಗೆ ಒಂದು ತಿರುಗಿತು. 500ಕ್ಕೆ ಯಾವುದೂ ಇಲ್ಲ.

ಖರ್ಚಿನ ಮಾತು ಬೇಡ. ನಟ್‌ಗೆ ಆದದ್ದು ಅದರಲ್ಲಿ ಚಿಲ್ಲರೆ.

ಈಗ 1,900 ಕಿಮೀ ಆಯಿತು. ಕಳೆದ ಭಾನುವಾರ ಮತ್ತೆ ಅರಬೈಲ್. ಇಳಿಯುವಾಗ ಎಂಜಿನ್ ಬ್ರೇಕ್, ಹತ್ತುವಾಗ ಎರಡನೇ ಗೇರ್, ಏನೂ ಉಳಿಸಲಿಲ್ಲ. ನಿನ್ನೆ ಚುಕ್ಕೆ ನೋಡಿದೆ. ಎಲ್ಲ ಸಾಲಿನಲ್ಲಿವೆ, 4ನೇ ಸಿಲಿಂಡರ್ ಕೆಳಗಿನದು ಬಿಟ್ಟು. ಅದು ಸಾಸಿವೆ ಕಾಳಿನಷ್ಟು ಸರಿದಿದೆ. ಪಾನಾ ಇಟ್ಟರೆ ಬಿಗಿ ಇದೆ. ವಾಷರ್ ಹಲ್ಲು ಕಚ್ಚುವಾಗ ಸರಿದಿದ್ದು ಇರಬಹುದು. ಹೊಸ ಚುಕ್ಕೆ ಹೊಡೆದಿದ್ದೇನೆ. ಸೋಪಿನ ನೀರಿಗೆ ಒಂದೂ ಗುಳ್ಳೆ ಇಲ್ಲ. ಮೈಲೇಜ್ 13.5. ಹೆಂಡತಿ ಪಕ್ಕದಲ್ಲಿ ಕೂತು ಧಾರವಾಡದವರೆಗೆ ಬಂದಳು, ತಲೆನೋವು ಇಲ್ಲ ಅಂದಳು, ಪೇಡಾ ಕೊಡಿಸಿದೆ.

ಒಂದೇ ತೊಂದರೆ. ಟಿಕ್ ಟಿಕ್ ನಿಂತ ಮೇಲೆ ಅದರ ಹಿಂದೆ ಇನ್ನೊಂದು ಸಣ್ಣ ಟಿಕ್ ಟಿಕ್ ಕೇಳಿಸುತ್ತಿದೆ. ಬಿಸಿಯಾದರೂ ಹೋಗುವುದಿಲ್ಲ. ಮೇಲಿನಿಂದ ಬರುತ್ತಿದೆ, ವಾಲ್ವ್ ಕಡೆಯಿಂದ.

ಬೆಟಗೇರಿ ಲೇತ್:

ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸಂದು ಜಾಸ್ತಿ ಆಗಿದೆ. ಈ ಎಂಜಿನ್‌ನಲ್ಲಿ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು, ತಣ್ಣಗಿರುವಾಗ. ಫೀಲರ್ ಗೇಜ್ ಬೇಕಾಗುತ್ತದೆ.

ನನ್ನದು ನಿಮ್ಮ ಹತ್ತಿರವೇ ಇದೆ. ಕೆಲಸ ಮುಗಿದ ಮೇಲೆ ವಾಪಸ್ ತನ್ನಿ.